ಹರಕೆ ಮರಿ, ಕುರ್ಬಾನಿ ಕುರಿ: ಎಲ್ಲಿ ಕುಯ್ಯಿಸೋದು, ಹೇಗೆ ಕುಯ್ಯಿಸೋದು?

ಕಳೆದ ವರ್ಷ ನಮ್ಮ ಹಿತ್ತಲಲ್ಲಿ ಒಂದು ಕರಿ ಹೋತ ಕಟ್ಟಿತ್ತು. ನನಗೆ ಆಪರೇಷನ್ ಆದಾಗ ಅಜ್ಜಿ ಊರ ಮಾರಮ್ಮನಿಗೆ ಕಟ್ಟಿಕೊಂಡಿದ್ದ ಹರಕೆ ಅದು. ಹಬ್ಬಕ್ಕೆ ಇನ್ನು ಹದಿನೈದು ದಿನ ಅನ್ನುವಾಗ ಗುಡಿ ಮುಂದೆ ಬೋರ್ಡ್ ಬಂತು: ‘ಇಲ್ಲಿ ಪ್ರಾಣಿಬಲಿ ನಿಷೇಧಿಸಲಾಗಿದೆ’. ಮನೆಯಲ್ಲಿ ಮೂರು ಪಾರ್ಟಿ ಆಯಿತು. “ಬೋರ್ಡ್ ಪ್ರತಿ ವರ್ಷ ಹಾಕ್ತಾರೆ, ಬೆಳಗಿನ ಜಾವ ಎದ್ದು ಮುಗಿಸಿಬಿಡೋಣ” ಅಂದರು ಚಿಕ್ಕಪ್ಪ. “ಬೂದುಗುಂಬಳಕಾಯಿ ಒಡೆದರೆ ಆಗಲ್ವಾ?” ಅಂದಳು ಬೆಂಗಳೂರಲ್ಲಿ ಓದುತ್ತಿರುವ ಅತ್ತೆ ಮಗಳು. ಅಜ್ಜಿ ಏನೂ ಅನ್ನಲಿಲ್ಲ. ಹೋತಕ್ಕೆ ಹಲಸಿನ ಸೊಪ್ಪು ಕಟ್ಟುತ್ತಾ ಕೂತಿದ್ದರು.

ಆ ಹದಿನೈದು ದಿನ ನಾನು ಕಾನೂನು ಓದಿದೆ. ಪಶುವೈದ್ಯರನ್ನು ಕೇಳಿದೆ. ಪಕ್ಕದ ಬೀದಿಯಲ್ಲಿ ಪ್ರತಿ ಬಕ್ರೀದಿಗೂ ಕುರ್ಬಾನಿ ಕೊಡುವ ಭಾಯಿ ಹತ್ತಿರ ಕೂತು ಮಾತಾಡಿದೆ. ಹರಕೆ ತೀರಿಸುವವರಿಗೂ ಕುರ್ಬಾನಿ ಕೊಡುವವರಿಗೂ ಇರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಇಲ್ಲಿದೆ. ಕೊಲ್ಲಬೇಕೋ ಬೇಡವೋ ಅನ್ನುವ ದೊಡ್ಡ ವಾದಕ್ಕೆ ನಾನು ಇಳಿಯೋದಿಲ್ಲ. ನಾನೇ ಬಾಡು ತಿನ್ನುವವನು. ಕುಯ್ಯೋದೇ ಆದರೆ ಎಲ್ಲಿ, ಹೇಗೆ, ಯಾರ ಕೈಯಲ್ಲಿ ಅನ್ನೋದಷ್ಟೇ ನನ್ನ ಪ್ರಶ್ನೆ.

ಕಾನೂನು ಏನು ಹೇಳುತ್ತೆ

ನಮ್ಮ ರಾಜ್ಯದಲ್ಲಿ 1959ರಿಂದಲೇ ಪ್ರಾಣಿಬಲಿ ತಡೆ ಕಾಯ್ದೆ ಇದೆ. ಗುಡಿಯಲ್ಲಿ, ಗುಡಿಯ ಆವರಣದಲ್ಲಿ ದೇವರಿಗೆ ಅಂತ ಪ್ರಾಣಿ ಕುಯ್ಯುವಂತಿಲ್ಲ. ಮರುವರ್ಷ, 1960ರಲ್ಲಿ, ಕೇಂದ್ರದ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರ 28ನೇ ಸೆಕ್ಷನ್ ಉಲ್ಟಾ ಮಾತಾಡುತ್ತದೆ: ಒಂದು ಸಮುದಾಯದ ಧರ್ಮ ಹೇಳುವ ರೀತಿಯಲ್ಲಿ ಪ್ರಾಣಿ ಕೊಂದರೆ ಈ ಕಾಯ್ದೆಯಡಿ ಅಪರಾಧ ಆಗೋದಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ, ಅಲ್ವಾ?

ಬಿಡಿಸಿ ನೋಡಿದರೆ ಅಷ್ಟು ಕಷ್ಟ ಇಲ್ಲ. 28ನೇ ಸೆಕ್ಷನ್ನಿನ ವಿನಾಯಿತಿ ಆ ಒಂದು ಕಾಯ್ದೆಯ ಮಟ್ಟಿಗೆ ಮಾತ್ರ. ರಾಜ್ಯದ ಬಲಿ ಕಾಯ್ದೆಯಿಂದ, ಗೋಹತ್ಯೆ ಕಾಯ್ದೆಯಿಂದ ಅದು ಯಾರನ್ನೂ ಕಾಪಾಡೋದಿಲ್ಲ. ಜೊತೆಗೆ ಅದು ಕೊಲ್ಲುವ ರೀತಿಯ ಬಗ್ಗೆ ಮಾತ್ರ ಹೇಳುತ್ತದೆ. ಕುರಿಯ ನಾಲ್ಕೂ ಕಾಲು ಕಟ್ಟಿ ಸ್ಕೂಟರ್ ಮುಂದೆ ಹಾಕಿಕೊಂಡು ಬರೋದಕ್ಕೆ ಯಾವ ದೇವರ ವಿನಾಯಿತಿಯೂ ಇಲ್ಲ. ಅದು 11ನೇ ಸೆಕ್ಷನ್ ಪ್ರಕಾರ ಅಪರಾಧವೇ. ದಂಡ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ದಶಕಗಳ ಹಿಂದೆ ಬರೆದ ರೇಟು. ಹಬ್ಬದ ಸೀಸನ್ನಿನಲ್ಲಿ ಅಷ್ಟಕ್ಕೆ ಒಂದು ಕಟ್ಟು ಕೊತ್ತಂಬರಿ ಸಿಕ್ಕರೆ ಪುಣ್ಯ.

ದನದ ವಿಷಯ ಬೇರೆಯೇ. 2020ರ ರಾಜ್ಯ ಕಾಯ್ದೆ ಪ್ರಕಾರ ಹಸು, ಕರು, ಹೋರಿ, ಎತ್ತು ಪೂರ್ತಿ ಬಂದ್. ಎಮ್ಮೆ, ಕೋಣಕ್ಕೆ 13 ವರ್ಷ ತುಂಬಿರಬೇಕು. ತಪ್ಪಿದರೆ 3ರಿಂದ 7 ವರ್ಷ ಜೈಲು, ಒಂದೊಂದು ಪ್ರಾಣಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಬಕ್ರೀದಿಗೆ ಹಸುವೇ ಆಗಬೇಕು ಅಂತ ಧರ್ಮದ ಕಡ್ಡಾಯ ಇಲ್ಲ ಅಂತ ಸುಪ್ರೀಂ ಕೋರ್ಟು 1958ರಲ್ಲೇ ಹೇಳಿದೆ. ಒಂಟೆಯೂ ಆಗೋದಿಲ್ಲ, ಆಹಾರ ಸುರಕ್ಷತೆಯ ನಿಯಮದಲ್ಲಿ ಮಾಂಸಕ್ಕೆ ಒಪ್ಪಿದ ಪ್ರಾಣಿಗಳ ಪಟ್ಟಿಯಲ್ಲಿ ಒಂಟೆ ಇಲ್ಲ. ಹಾಗಾಗಿ ಇಲ್ಲಿ ಮಾತು ಕುರಿ, ಮೇಕೆ, ಕೋಳಿಗಷ್ಟೇ.

ಗುಡಿ ಮುಂದೆ

ಚಿಕ್ಕಪ್ಪನ ಐಡಿಯಾ. ಇದನ್ನು ಬೇಗ ಮುಗಿಸುತ್ತೇನೆ. ಕಾನೂನು ಒಪ್ಪೋದಿಲ್ಲ. ಸಿಕ್ಕಿಬಿದ್ದರೆ ಮಚ್ಚು ಹಿಡಿದವನ ಜೊತೆಗೆ, ನಿಂತು ನಡೆಸಿಕೊಟ್ಟವರ ತಲೆಗೂ ಬರುತ್ತದೆ. ಹರಕೆ ನಮ್ಮದು, ಕೇಸು ಪೂಜಾರಪ್ಪನಿಗೆ ಅಂದರೆ ಹೇಗೆ? ಮರಿಯ ಕಡೆಯಿಂದ ನೋಡಿದರೂ ಇದೇ ಎಲ್ಲಕ್ಕಿಂತ ಕೆಟ್ಟದ್ದು. ತಮಟೆ, ಪಟಾಕಿ, ನೂರಾರು ಜನ, ಮುಂದೆ ಕುಯ್ದ ಮರಿಯ ರಕ್ತ ಕಾಲ ಕೆಳಗೆ. ಸಾಲಿನಲ್ಲಿ ಹತ್ತನೆಯದಾಗಿ ನಿಂತ ಮೇಕೆ ಹಗ್ಗ ಎಳೆದುಕೊಂಡು ಹಿಂದೆ ಹಿಂದೆ ಸರಿಯೋದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಇದು ಬದಲಾಗೋದೇ ಇಲ್ಲ ಅನ್ನುವವರು ಸಿರ್ಸಿ ಕಡೆ ನೋಡಬಹುದು. ಮಾರಿಕಾಂಬೆ ಜಾತ್ರೆಯ ಕೋಣನ ಬಲಿ 1930ರ ದಶಕದಲ್ಲಿ, ಗಾಂಧೀಜಿ ಸಿರ್ಸಿಗೆ ಬಂದ ಕಾಲಕ್ಕೆ ನಿಂತುಹೋಯಿತು. ಬಲಿ ಕಾಯ್ದೆ ಹುಟ್ಟುವುದಕ್ಕೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು. ಜಾತ್ರೆಯ ಗದ್ದಲ ಏನೂ ಕಮ್ಮಿ ಆಗಿಲ್ಲ.

ಗುಡಿಯಿಂದ ದೂರ, ಬಯಲಲ್ಲಿ

ಇಲ್ಲಿ ವಿಷಯ ಗೋಜಲಾಗುತ್ತದೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆ ಗೊತ್ತಿರಬಹುದು. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ, ಜನವರಿ ಹುಣ್ಣಿಮೆಗೆ ಶುರು. ನಾಲ್ಕನೇ ದಿನ ಪಂಕ್ತಿಸೇವೆ. ಆ ದಿನ ಜನ ತಮ್ಮ ತಮ್ಮ ಬಿಡಾರದ ಹತ್ತಿರವೇ ಮರಿ ಕುಯ್ದು, ಬೇಯಿಸಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಇದು ಪ್ರಾಣಿಬಲಿ, ನಿಲ್ಲಬೇಕು ಅಂತ ಒಂದು ಕಡೆ. ಸಿದ್ದಪ್ಪಾಜಿಗೆ ನಾವು ರಕ್ತ ಕೊಡೋದಿಲ್ಲ, ಗದ್ದುಗೆ ಮುಂದೆ ಕುಯ್ಯೋದೂ ಇಲ್ಲ, ಇದು ನಮ್ಮ ಊಟ, ಊಟಕ್ಕೆ ಬಲಿ ಅಂತ ಹೆಸರಿಟ್ಟರೆ ಹೇಗೆ ಅಂತ ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರು, ಒಕ್ಕಲಿನವರು ಇನ್ನೊಂದು ಕಡೆ. ಜಿಲ್ಲಾಡಳಿತ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ತಡೆದದ್ದೂ ಇದೆ.

ನೀಲಗಾರರ ವಾದದಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ. ಕೇರಳದಲ್ಲೂ 1968ರ ಬಲಿ ನಿಷೇಧ ಕಾಯ್ದೆ ಇದೆ. 2020ರಲ್ಲಿ ಅದರ ವಿರುದ್ಧದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ ಇದೇ ಪ್ರಶ್ನೆ ಎದ್ದಿತು: ತಿನ್ನೋಕೆ ಕೊಂದರೆ ಸರಿ, ದೇವರಿಗೆ ತೋರಿಸಿ ತಿಂದರೆ ತಪ್ಪು, ಇದು ಯಾವ ಲೆಕ್ಕ? ತಮಿಳುನಾಡು 2003ರಲ್ಲಿ ತನ್ನ 1950ರ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಲು ಹೊರಟು, ಜನ ತಿರುಗಿಬಿದ್ದ ಮೇಲೆ 2004ರಲ್ಲಿ ಕಾಯ್ದೆಯನ್ನೇ ಕೈಬಿಟ್ಟಿತು.

ಆದರೆ ನೀವು ಆರಿಸಿಕೊಳ್ಳೋಕೆ ಹೊರಟಾಗ ತತ್ವ ಸಾಲದು. ಜಾತ್ರೆ ದಿನ ‘ಆವರಣ’ ಎಲ್ಲಿಗೆ ಮುಗಿಯುತ್ತೆ ಅನ್ನೋದನ್ನು ಅಲ್ಲಿ ನಿಂತಿರುವ ಪೊಲೀಸರೇ ತೀರ್ಮಾನ ಮಾಡೋದು. ಆ ವರ್ಷದ ಜಿಲ್ಲಾಧಿಕಾರಿ ಆದೇಶ ಏನಿದೆ ಅಂತ ಪಂಚಾಯ್ತಿಯಲ್ಲೋ ಠಾಣೆಯಲ್ಲೋ ವಾರ ಮೊದಲೇ ಕೇಳಿಕೊಳ್ಳಿ. ದಾರಿಯಲ್ಲಿ ತಡೆದರೆ ಮರಿಗೆ ಎರಡೆರಡು ಸಲ ಪ್ರಯಾಣ, ಅದೂ ಬಿಸಿಲಲ್ಲಿ.

ಸ್ವಂತ ಹೊಲದಲ್ಲಿ

ಹಳ್ಳಿಯಲ್ಲಿ ಇರುವವರಿಗೆ ಇದು ಸಲೀಸು. ಗುಡಿಗೆ ಮರಿ ಕರೆದುಕೊಂಡು ಹೋಗಿ, ತೀರ್ಥ ಹಾಕಿಸಿ, ಮರಿ ಮೈ ಒದರಿದ ಮೇಲೆ ವಾಪಸ್ ತಂದು ತೋಟದಲ್ಲಿ ಕುಯ್ಯೋದು. ಮೈ ಒದರೋದು ಗೊತ್ತಿಲ್ಲದವರಿಗೆ: ನೀರು ಹಾಕಿದಾಗ ಮರಿ ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಕೊಡವದಿದ್ದರೆ ಕಾಯಬೇಕು.

ಸಿಟಿಯವರಿಗೆ ಈ ದಾರಿ ಇಲ್ಲ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಲೈಸೆನ್ಸ್ ಇರುವ ಕಸಾಯಿಖಾನೆ ಬಿಟ್ಟು ಬೇರೆ ಕಡೆ ಕುಯ್ಯುವಂತಿಲ್ಲ. ಅಪಾರ್ಟ್‌ಮೆಂಟ್ ಪಾರ್ಕಿಂಗ್, ಟೆರೇಸ್ ಯಾವುದೂ ಲೆಕ್ಕಕ್ಕಿಲ್ಲ. ಮುಂಬೈಯಲ್ಲಿ ಫ್ಲ್ಯಾಟ್ ಒಳಗೆ ಕುರ್ಬಾನಿ ಬೇಡ ಅಂತ ಬಾಂಬೆ ಹೈಕೋರ್ಟು 2019ರಲ್ಲಿ ಹೇಳಿತು. ಚರಂಡಿಗೆ ಹರಿಯುವ ರಕ್ತ, ರಸ್ತೆ ಬದಿ ಬಿದ್ದ ಕರುಳು, ಪಕ್ಕದ ಮನೆಯವರ ಜಗಳ ಇವೆಲ್ಲ ಯೋಚಿಸಿದರೆ ನಿಯಮ ಸರಿಯಾಗೇ ಇದೆ.

ಕಸಾಯಿಖಾನೆಯಲ್ಲಿ

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಮೂರು ತಿಂಗಳೊಳಗಿನ ಮರಿ ಯಾವುದನ್ನೂ ಕುಯ್ಯುವಂತಿಲ್ಲ. ಪಶುವೈದ್ಯರು ನೋಡಿ ಬರೆದುಕೊಡಬೇಕು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಜಾಸ್ತಿ ನೋಡುವಂತಿಲ್ಲ. ನೋಡಿದ ಮೇಲೆ 24 ಗಂಟೆ ಪ್ರಾಣಿಗೆ ವಿಶ್ರಾಂತಿ. ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕುಯ್ಯುವ ಹಾಗಿಲ್ಲ.

ನಾನು ನಮ್ಮ ಹತ್ತಿರದ ಒಂದು ಪಟ್ಟಣದ ಕಸಾಯಿಖಾನೆಗೆ ಬೆಳಿಗ್ಗೆ ಐದಕ್ಕೆ ಹೋಗಿದ್ದೆ. ಒಂದೇ ಹಾಲ್. ಈ ಕಡೆ ಗೋಡೆಗೆ ಕಟ್ಟಿದ ಕುರಿಗಳು, ಆ ಕಡೆ ಕೊಕ್ಕೆಗೆ ನೇತು ಹಾಕಿದ ಕುರಿಗಳು. ನಡುವೆ ಒಂದು ಪರದೆಯೂ ಇಲ್ಲ. ಡಾಕ್ಟರ್ ಎಲ್ಲಿ ಅಂದರೆ “ಬರ್ತಾರೆ ಬನ್ನಿ, ಸೀಲ್ ಇದೆಯಲ್ಲ” ಅಂದ ಅಲ್ಲಿದ್ದವನು. ಹಾಗಂತ ಎಲ್ಲ ಕಡೆ ಹೀಗೇ ಇರುತ್ತೆ ಅನ್ನೋದಿಲ್ಲ. ಕುಯ್ಯುವವನ ಕೈ ಮಾತ್ರ ಪಳಗಿದ ಕೈ. ಹೊಲದಲ್ಲಿ ವರ್ಷಕ್ಕೊಮ್ಮೆ ಮಚ್ಚು ಹಿಡಿಯುವ ನಮ್ಮ ಚಿಕ್ಕಪ್ಪನಿಗೂ ದಿನಾ ಐವತ್ತು ಕುರಿ ಕುಯ್ಯುವವನಿಗೂ ಇರುವ ವ್ಯತ್ಯಾಸ ಮರಿಗೆ ಗೊತ್ತಾಗುತ್ತದೆ. ಹೋಗುವ ಮುಂಚೆ ಒಮ್ಮೆ ನೀವೇ ನೋಡಿಕೊಂಡು ಬನ್ನಿ. ಪರದೆ ಇದೆಯಾ, ನೀರಿದೆಯಾ, ಡಾಕ್ಟರ್ ಇದ್ದಾರಾ, ಮೂರೇ ಪ್ರಶ್ನೆ. ಇನ್ನೊಂದು ಮಾತು: ಗಾಂಧಿ ಜಯಂತಿ, ಮಹಾಶಿವರಾತ್ರಿ ಥರದ ದಿನ ಬೆಂಗಳೂರಲ್ಲಿ ಕಸಾಯಿಖಾನೆ, ಮಾಂಸದ ಅಂಗಡಿ ಎರಡೂ ಬಂದ್. ಹರಕೆ ತಾರೀಖು ಗೊತ್ತು ಮಾಡುವಾಗ ನೋಡಿಕೊಳ್ಳಿ.

ರಕ್ತ ಇಲ್ಲದೆ

ಬೂದುಗುಂಬಳ, ತೆಂಗಿನಕಾಯಿ, ತಂಬಿಟ್ಟಿನಾರತಿ. ಖರ್ಚು ಕಮ್ಮಿ, ಕೇಸಿಲ್ಲ, ಪ್ರಾಣ ಹೋಗೋದಿಲ್ಲ. ಹರಕೆ ಹೊತ್ತವರ ಮನಸ್ಸು ಒಪ್ಪಬೇಕು, ಅಷ್ಟೇ. ಅಜ್ಜಿ “ಕಾಯಿ ಒಡೀತೀನಿ” ಅಂತ ಹೇಳಿಕೊಂಡದ್ದಲ್ಲ, “ಮರಿ ಕೊಡ್ತೀನಿ” ಅಂತ ಹೇಳಿಕೊಂಡದ್ದು. ಮಾತು ಮಾತೇ. ಹೊಸದಾಗಿ ಹರಕೆ ಹೊರುವವರು ಬೇಕಾದರೆ ಮೊದಲೇ ಯೋಚಿಸಬಹುದು.

ಇದರಲ್ಲೇ ಇನ್ನೊಂದು ನಮೂನೆ ಇದೆ, ಮರಿಯನ್ನು ಗುಡಿಗೆ ಬಿಟ್ಟು ಬರೋದು. ಕೇಳೋಕೆ ಚೆನ್ನಾಗಿದೆ. ನಮ್ಮೂರಲ್ಲಿ ಹಾಗೆ ಬಿಟ್ಟ ಮರಿಗಳನ್ನು ಹಬ್ಬದ ಮರುದಿನ ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಕೂಗೋರು ಯಾರು? ಮಟನ್ ಅಂಗಡಿಯವರು. ನಿಮ್ಮ ಕೈಗೆ ರಕ್ತ ಹತ್ತಲಿಲ್ಲ, ಮರಿಗೆ ಮಾತ್ರ ಇನ್ನೊಂದು ಗಾಡಿ ಹತ್ತೋದು ಜಾಸ್ತಿಯಾಯಿತು.

ಬಕ್ರೀದಿನ ಲೆಕ್ಕ

ಭಾಯಿ ಹೇಳಿದ ಪ್ರಕಾರ ಅವರಿಗೂ ಮೂರು ದಾರಿ. ತಾವೇ ಕುರಿ ತಂದು, ಸಾಕಿ, ಕುರ್ಬಾನಿ ಕೊಡೋದು. ಸಂಸ್ಥೆಯವರಿಗೆ ದುಡ್ಡು ಕಟ್ಟಿ ಒಟ್ಟಿಗೆ ಮಾಡಿಸೋದು. ಇಲ್ಲಾ ಬಡವರು ಹೆಚ್ಚಿರುವ ಬೇರೆ ಊರಿಗೆ ದುಡ್ಡು ಕಳಿಸಿ ಅಲ್ಲೇ ಮಾಡಿಸೋದು. ಈದ್ ನಮಾಜ್ ಆದ ಮೇಲೆ ಮೂರು ದಿನದವರೆಗೂ ಟೈಮ್ ಇದೆ. ಇದು ತುಂಬಾ ಜನ ಮರೆಯುವ ಅನುಕೂಲ ಅಂದರು. ಎಲ್ಲರೂ ಮೊದಲ ದಿನ ಬೆಳಿಗ್ಗೆಯೇ ನುಗ್ಗಿದರೆ ಕಸಾಯಿಯವನು ಅವಸರ ಮಾಡುತ್ತಾನೆ, ಚೂರಿ ಮಸೆಯೋಕೂ ಪುರುಸೊತ್ತು ಇರೋದಿಲ್ಲ. ಅವರು ಎರಡನೇ ದಿನ ಮಧ್ಯಾಹ್ನ ಮಾಡಿಸುತ್ತಾರೆ.

ಚೂರಿ ಹರಿತ ಮಾಡಿಕೊಳ್ಳಿ, ಪ್ರಾಣಿಗೆ ನೆಮ್ಮದಿ ಕೊಡಿ ಅಂತ ಪ್ರವಾದಿಯವರ ಮಾತೇ ಇದೆ. ಚೂರಿಯನ್ನು ಅದರ ಕಣ್ಣೆದುರು ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕುಯ್ಯಬಾರದು ಅಂತ ಹಿರಿಯರು ಹೇಳಿಕೊಡುತ್ತಾರೆ. ಸರ್ಕಾರದ 2001ರ ನಿಯಮ ಓದಿ ಹೇಳಿದಾಗ ಭಾಯಿ ನಕ್ಕರು. “ನಮ್ಮ ಅಬ್ಬಾ ಓದಿರಲಿಲ್ಲ, ಆದ್ರೂ ಇದೇ ಹೇಳ್ತಿದ್ರು.”

ಅಮೀನಗಢದ ಟಗರೇ ಬೇಕು ಅಂತ ಹುಡುಕುವವರು ಒಂದು ಲೆಕ್ಕ ಹಾಕಿ. ಬಾಗಲಕೋಟೆ ಕಡೆಯಿಂದ ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನಕ್ಕೆ ಬರುವಷ್ಟರಲ್ಲಿ ಆ ಟಗರು ರಾತ್ರಿಯಿಡೀ ಲಾರಿಯಲ್ಲಿ ನಿಂತಿರುತ್ತದೆ. ಸಾಗಣೆ ನಿಯಮದಲ್ಲಿ ದೊಡ್ಡ ಲಾರಿಗೆ 40 ಕುರಿ. ಹಬ್ಬದ ವಾರದಲ್ಲಿ ಹೈವೇ ಮೇಲೆ ಎಣಿಸಿ ನೋಡಿ.

ಹಲಾಲ್, ಒಂದೇ ಏಟು, ಪ್ರಜ್ಞೆ ತಪ್ಪಿಸೋದು

ಜಗಳ ಜಾಸ್ತಿ ಇರೋದು ಇದರ ಮೇಲೆ. ಹಲಾಲಿನಲ್ಲಿ ಗಂಟಲು, ಅನ್ನನಾಳ, ಕುತ್ತಿಗೆಯ ರಕ್ತನಾಳ ಒಟ್ಟಿಗೆ ಕುಯ್ಯುತ್ತಾರೆ, ಕತ್ತಿನ ಮೂಳೆ ಮುಟ್ಟೋದಿಲ್ಲ. ಹರಕೆ ಮರಿಗೆ ಹಿಂದಿನಿಂದ ಒಂದೇ ಏಟು, ಸಿಖ್ಖರ ಝಟ್ಕಾದ ಹಾಗೆ. ಮೂರನೆಯದು ಕರೆಂಟಿನಿಂದಲೋ ಹಣೆಗೆ ಹೊಡೆಯುವ ಯಂತ್ರದಿಂದಲೋ ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಕುಯ್ಯೋದು.

ನೋವಿನ ಲೆಕ್ಕದಲ್ಲಿ ಮೂರನೆಯದೇ ಮುಂದೆ ಅಂತ ಬಹುಪಾಲು ಪಶುವೈದ್ಯರು ಹೇಳುತ್ತಾರೆ. ನಮ್ಮ ಸಣ್ಣ ಊರುಗಳಲ್ಲಿ ಅದು ಸಿಗೋದೇ ಕಷ್ಟ, ಆ ಮಾತು ಬೇರೆ. ಉಳಿದ ಎರಡರಲ್ಲಿ ಗೆಲ್ಲೋದು ಕೈ ಮತ್ತು ಕತ್ತಿ. ಏಟು ಸರಿಯಾಗಿ ಬಿದ್ದರೆ ಝಟ್ಕಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತಪ್ಪಿದರೆ ಎರಡನೇ ಏಟು, ಮೂರನೇ ಏಟು. ನೋಡಿದವರಿಗೆ ವಾರ ಊಟ ಸೇರೋದಿಲ್ಲ. ಹಲಾಲ್ ಅಷ್ಟು ಕೈ ತಪ್ಪೋದಿಲ್ಲ, ಆದರೆ ಪ್ರಜ್ಞೆ ಹೋಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2004ರಲ್ಲಿ ಕೊಟ್ಟ ಲೆಕ್ಕ ಇದು: ಪ್ರಜ್ಞೆ ತಪ್ಪಿಸದೆ ಕುಯ್ದರೆ ಪ್ರಜ್ಞೆ ಹೋಗೋಕೆ ಕುರಿಗೆ 20 ಸೆಕೆಂಡಿನವರೆಗೆ, ದನಕ್ಕೆ 2 ನಿಮಿಷದವರೆಗೆ, ಕೋಳಿಗೆ ಎರಡೂವರೆ ನಿಮಿಷ ಅಥವಾ ಅದಕ್ಕೂ ಹೆಚ್ಚು. ಕುರಿ ಬಗ್ಗೆ ಇಷ್ಟು ಜಗಳ ಆಡುವ ನಾವು ಭಾನುವಾರ ಕೋಳಿ ಅಂಗಡಿಯ ಡ್ರಮ್ ಒಳಗೆ ಏನು ನಡೆಯುತ್ತೆ ಅಂತ ಒಂದು ಸಲವೂ ಬಗ್ಗಿ ನೋಡೋದಿಲ್ಲ.

ನಮ್ಮೂರಲ್ಲಿ ಒಂದು ತಮಾಷೆ ಇದೆ. ಟೀವಿಯಲ್ಲಿ ಹಲಾಲ್ ಗಲಾಟೆ ಎಷ್ಟೇ ನಡೆಯಲಿ, ಮದುವೆ ಬೀಗರೂಟಕ್ಕೆ ಮರಿ ಕುಯ್ಯೋಕೆ ಕರೆಯೋದು ಭಾಯಿಯನ್ನೇ. ಅವರ ಚೂರಿ ಹರಿತ ಅಂತ.

ಹೊರದೇಶದಲ್ಲಿರುವವರಿಗೆ

ಲಂಡನ್ನಿಂದಲೋ ಬ್ರಸೆಲ್ಸ್‌ನಿಂದಲೋ ಇದನ್ನು ಓದುತ್ತಿದ್ದರೆ ನಿಮಗೆ ಆಯ್ಕೆ ಕಮ್ಮಿ. ಸ್ವಿಟ್ಜರ್ಲೆಂಡ್ 1893ರಲ್ಲೇ ಜನಮತ ಹಾಕಿ, ಪ್ರಜ್ಞೆ ತಪ್ಪಿಸದೆ ಕುಯ್ಯೋದನ್ನು ನಿಲ್ಲಿಸಿತು. ಡೆನ್ಮಾರ್ಕ್ 2014ರಲ್ಲಿ. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಮತ್ತು ವಲೋನಿಯಾದಲ್ಲಿ 2019ರಿಂದ ಇಲ್ಲ. ಯುರೋಪಿನ ನ್ಯಾಯಾಲಯ 2020ರಲ್ಲಿ, ಮಾನವ ಹಕ್ಕುಗಳ ನ್ಯಾಯಾಲಯ 2024ರಲ್ಲಿ ಅದನ್ನು ಎತ್ತಿಹಿಡಿದವು. ಬ್ರಿಟನ್ನಿನಲ್ಲಿ ಧಾರ್ಮಿಕ ವಿಧಾನಕ್ಕೆ ಅವಕಾಶ ಇದೆ, ಆದರೆ ಒಪ್ಪಿಗೆ ಪಡೆದ ಕಸಾಯಿಖಾನೆಯಲ್ಲಿ ಮಾತ್ರ. ಹಿತ್ತಲಲ್ಲಿ ಮರಿ ಕುಯ್ದು ಮಾರಮ್ಮನ ಹೆಸರಲ್ಲಿ ಊಟ ಹಾಕಿಸುವ ಆಸೆ ಬಿಟ್ಟುಬಿಡಿ. ಹಲಾಲ್ ಬೋರ್ಡ್ ಇದ್ದ ಮಾತ್ರಕ್ಕೆ ಪ್ರಜ್ಞೆ ತಪ್ಪಿಸಿಲ್ಲ ಅಂತಲೂ ಅಲ್ಲ. ಪ್ರಾಣಿ ಸಾಯದಷ್ಟು ಕರೆಂಟ್ ಕೊಟ್ಟು ಹಲಾಲ್ ಮಾಡೋದನ್ನು ಅನೇಕ ಮುಸ್ಲಿಂ ಸಂಸ್ಥೆಗಳು ಒಪ್ಪಿವೆ, ನ್ಯೂಜಿಲೆಂಡಿನಲ್ಲಿ ಹಾಗೇ ನಡೆಯುತ್ತದೆ. ಅಂಗಡಿಯವರನ್ನು ಕೇಳಿದರೆ ಹೇಳುತ್ತಾರೆ.

ನಾವು ಏನು ಮಾಡಿದೆವು

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು: ನಾವು ಜಗಳ ಆಡೋದು ಕೊನೆಯ ಇಪ್ಪತ್ತು ಸೆಕೆಂಡಿನ ಬಗ್ಗೆ. ಮರಿಯ ಪಾಡು ಇರೋದು ಅದರ ಹಿಂದಿನ ಒಂದೂವರೆ ದಿನದಲ್ಲಿ. ಸಂತೆ, ಗಾಡಿ, ನೀರಿಲ್ಲದ ರಾತ್ರಿ, ಕಟ್ಟಿದ ಕಾಲು. ಆರಿಸುವಾಗ ಅದನ್ನೇ ಮೊದಲು ನೋಡಿ ಅಂತ ನಾನು ಹೇಳೋದು. ಹತ್ತಿರದಲ್ಲಿ ಸಾಕಿದ ಮರಿ, ನಡೆಸಿಕೊಂಡು ಹೋಗುವಷ್ಟು ದೂರ, ಜನಜಂಗುಳಿ ಇಲ್ಲದ ಜಾಗ, ಪಳಗಿದ ಕೈ. ಹಳ್ಳಿಯಲ್ಲಿದ್ದರೆ ಹೊಲ, ಸಿಟಿಯಲ್ಲಿದ್ದರೆ ನೀವೇ ನೋಡಿ ಒಪ್ಪಿದ ಕಸಾಯಿಖಾನೆ.

ನಮ್ಮ ಹೋತ ನಮ್ಮೂರಿನಲ್ಲೇ ಹುಟ್ಟಿದ್ದು, ಗಾಡಿ ಹತ್ತಿದ್ದೇ ಇಲ್ಲ. ಬೆಳಿಗ್ಗೆ ಅಜ್ಜಿಯೇ ಹಗ್ಗ ಹಿಡಿದು ಗುಡಿಗೆ ನಡೆಸಿಕೊಂಡು ಹೋದರು. ಪೂಜಾರಪ್ಪ ಹಾರ ಹಾಕಿ ತೀರ್ಥ ಚಿಮುಕಿಸಿದರು. ಒದರಲಿಲ್ಲ. ಇನ್ನೊಂದು ಸಲ. ಆಗಲೂ ಇಲ್ಲ, ಹಾರದ ಚೆಂಡುಹೂ ತಿನ್ನುತ್ತಾ ನಿಂತಿತ್ತು. ಚಿಕ್ಕಪ್ಪ ವಾಚ್ ನೋಡಿಕೊಂಡರು. “ಆ ತಾಯಿಗೇನು ಅವಸರ?” ಅಂದರು ಅಜ್ಜಿ. ಕಾಲು ಗಂಟೆ ಕಾದೆವು. ಕೊನೆಗೆ ಬೆನ್ನ ಮೇಲೆ ಒಂದು ತಂಬಿಗೆ ಸುರಿದಾಗ ತಲೆಯಿಂದ ಬಾಲದವರೆಗೆ ಕೊಡವಿತು, ನೀರು ನಮ್ಮೆಲ್ಲರ ಮೇಲೂ ಹಾರಿತು.

ತೋಟದಲ್ಲಿ, ಕೊಟ್ಟಿಗೆಯ ಹಿಂದೆ, ಭಾಯಿ ಕಾಯುತ್ತಿದ್ದರು. ಚೂರಿಯನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದರು. ಅಜ್ಜಿ ಹಗ್ಗ ಅವರ ಕೈಗೆ ಕೊಟ್ಟು, ಮುದ್ದೆಗೆ ಎಸರು ಇಡೋಕೆ ಒಳಗೆ ಹೋದರು.